ಬೇಲಿಗೆ ಎಷ್ಟೆತ್ತರ

ಗುಂಡಿ ತೋಡಿದ್ದು ಕಾಫಿ ಹೂ ಬಿಟ್ಟ ವಾರ.
ಅಮ್ಮತ್ತಿಯ ಜನ ಮೊದಲು ಗೊಬ್ಬರಗುಂಡಿ ಅಂದುಕೊಂಡರು,
ಆಮೇಲೆ, ತೋಟಕ್ಕೆ ನೀರು ಹಾಯಿಸುವ ಕೆರೆ.
ನೀಲಿ ಟೈಲ್ಸಿನ ಲಾರಿ ಬಂದ ದಿನ
ಏನೂ ಅಂದುಕೊಳ್ಳದೆ ಸುಮ್ಮನೆ ಬಂದು ನೋಡಿಹೋದರು.

"ಮೊಯ್ದೂ," ಅಂದರು ಮುದ್ದವ್ವ,
ಅರವತ್ತಾರು ವಯಸ್ಸು, ಎರಡೂ ಮಂಡಿಗೆ ಆಪರೇಷನ್,
"ನೀರಲ್ಲಿ ನಡೀಬೇಕಂತೆ ನಾನು. ನಡೀತೇನೆ.
ಆದರೆ ಆ ದಿಣ್ಣೆ ಮೇಲೆ ಬೆಳ್ಯಪ್ಪನ ಜಗಲಿ ಇದೆ,
ಜಗಲಿಯಲ್ಲಿ ಅವನಿದ್ದಾನೆ,
ಅವನ ಕೈಯಲ್ಲಿ ಹಕ್ಕಿ ನೋಡುವ ದುರ್ಬೀನಿದೆ.
ಅದಕ್ಕೊಂದು ಗಿಡ ಹೇಳು."

ಮರೆಗೆ ಗಿಡ ಅಂದರೆ ನಾಲಗೆಗೆ ಮೊದಲು ಬರುವುದು ಬಿದಿರು.
ಬೇಡ. ಅದರ ಎಲೆ ಫಿಲ್ಟರಿನ ಗಂಟಲು ಕಟ್ಟುತ್ತದೆ,
ಕಳಲೆ ಎದ್ದರೆ ಆನೆಯೂ ಎದ್ದು ಬರುತ್ತದೆ.
ಬಾಳೆ? ಅದೂ ಆನೆಗೆ ಬರೆದ ಕಾಗದವೇ.
ಸಿಲ್ವರ್ ಓಕು ವರ್ಷವಿಡೀ ತಲೆ ಬಾಚಿಕೊಳ್ಳುವ ಮರ,
ಕೂದಲೆಲ್ಲ ನೀರಿಗೆ.
ಅತ್ತಿ ಗೋಣಿಯ ಜಾತಿಯನ್ನು ಗೇಟಿನೊಳಗೇ ಬಿಡಬೇಡಿ,
ಆ ಬೇರುಗಳಿಗೆ ಗೋಡೆ ಅಂದರೆ ಮರ್ಯಾದೆಯಿಲ್ಲ.
ಕಣಗಿಲೆ ಚೆಂದ, ಮೈಯೆಲ್ಲ ವಿಷ,
ಕಂಡದ್ದನ್ನೆಲ್ಲ ಕಚ್ಚುವ ನಾಯಿಮರಿಯೊಂದಿದೆ ನಿಮ್ಮಲ್ಲಿ.
ಬೋಗನ್‌ವಿಲ್ಲಾ ಒಳ್ಳೆಯದು, ಚಪ್ಪಲಿ ಹಾಕಿ ಈಜುವವರಿಗೆ.

"ನಿನ್ನ ನರ್ಸರಿಯಲ್ಲಿ ಬರೀ ಬೇಡಗಳನ್ನೇ ಮಾರ್ತೀಯಾ?"

ಟೇಪು ಬಿಚ್ಚಿದೆ. ಅಂಚಿನಿಂದ ಆರಡಿ ಬಿಟ್ಟು ಸುಣ್ಣದ ಗೆರೆ ಎಳೆದೆ.
ನೆರಳಿರುವ ಮೂಲೆಗೆ ಏಲಕ್ಕಿ ಅಂದೆ:
ಆಳೆತ್ತರ ಬೆಳೆಯುತ್ತದೆ, ಪುಡಿ ಉದುರಿಸುವುದಿಲ್ಲ,
ಬೇರು ಮೇಲೆಮೇಲೇ ಇರುತ್ತದೆ, ಯಾರ ತಂಟೆಗೂ ಹೋಗದು.
ಕ್ಲೋರಿನ್ ಹನಿ ತಾಗಿದರೆ ಮಾತ್ರ ಎಲೆತುದಿ
ಇಸ್ತ್ರಿ ಸುಟ್ಟ ಬಟ್ಟೆಯಂತೆ ಕಂದುತ್ತದೆ.
ನಡುವೆ ಸುರುಳಿ ಸುಗಂಧಿ.
"ಇಲ್ಲಿಗೆ?" ಅಂತ ಉಳಿದ ಉದ್ದಕ್ಕೆ ಬೆರಳು ತೋರಿಸಿದರು,
ನಾನು ಯೋಚಿಸುವಷ್ಟರಲ್ಲಿ ಅವರೇ ಅಂದರು:
"ಮದ್ದುಸೊಪ್ಪು ನೆಡು. ಕಕ್ಕಡದಲ್ಲಿ ತೋಡಿನ ತನಕ ಇಳಿಯಲಿಕ್ಕೆ
ಮಂಡಿ ಬಿಡುವುದಿಲ್ಲ. ಗಿಡವೇ ಬರಲಿ ಇಲ್ಲಿಗೆ."

ಯಾವ ಕ್ಯಾಟಲಾಗಿನಲ್ಲೂ ಇಲ್ಲ ಅದು.
ನೂರಿಪ್ಪತ್ತು ಕಡ್ಡಿ ತೋಡಿನ ಬದಿಯಿಂದ ಮುರಿದು ತಂದೆ,
ದುಡ್ಡು ಕೇಳಲಾಗಲಿಲ್ಲ.

"ಮರೆಯಾಗಲಿಕ್ಕೆ ಎಷ್ಟು ದಿನ?"
ಎರಡು ವರ್ಷ ಅಂದೆ.
ಮುದ್ದವ್ವ ತಮ್ಮ ಮಂಡಿ ನೋಡಿಕೊಂಡರು.
ಮರುದಿನ ನರ್ಸರಿಯ ಹಸಿರು ಪರದೆ ಬಿಚ್ಚಿ ತಂದು
ನಾಲ್ಕು ಗೂಟಕ್ಕೆ ಕಟ್ಟಿಕೊಟ್ಟೆ.
ಪರದೆಯ ಆಚೆ ನೀರು ಚಳಕ್ ಅನ್ನುತ್ತಿತ್ತು,
ಎಣಿಸುತ್ತಿದ್ದರು, ಹದಿನೇಳು, ಹದಿನೆಂಟು,
ನಡುವೆ ಒಮ್ಮೆ ಯಾರಿಗೋ ಬೈದು ಮತ್ತೆ ಒಂದರಿಂದ.

ಜುಲೈ ಗಾಳಿಗೆ ಪರದೆ ಹಾರಿತು.
ಹಾರಿ ಬಿದ್ದದ್ದು ಬೇರೆಲ್ಲೂ ಅಲ್ಲ, ಬೆಳ್ಯಪ್ಪನ ಅಂಗಳಕ್ಕೆ.
ಅವರೇ ಮಡಚಿ ತಂದರು, ಸೀರೆ ಮಡಚಿದ ಹಾಗೆ ನೀಟಾಗಿ,
ಅತ್ತಿಗೆಯ ಮುಖ ನೋಡದೆ ನನಗೆ ಹೇಳಿದರು:
"ಏಳು ಗಂಟೆಗೆ ಒಂದು ಮಿಂಚುಳ್ಳಿ ಬರ್ತದೆ, ಆ ಕಂಬಿ ಮೇಲೆ ಕೂರ್ತದೆ.
ಇದರಲ್ಲಿ ಮೀನಿಲ್ಲ ಅಂತ ಅದಕ್ಕಿನ್ನೂ ಯಾರೂ ಹೇಳಿಲ್ಲ.
ಏಳೂವರೆಗೆ ಇಳಿಯಲಿಕ್ಕಾಗ್ತದಾ, ಕೇಳು."

ಮುದ್ದವ್ವ ಕೇಳಿಸದವರಂತೆ ಒಳಗೆ ಹೋದರು.
ಮರುದಿನ ಇಳಿದದ್ದು ಏಳೂ ಮೂವತ್ತೈದಕ್ಕೆ.

ಈಗ ಎರಡನೆಯ ಕಕ್ಕಡ. ಮದ್ದುಸೊಪ್ಪು ನನ್ನ ಎದೆಗೆ ಬಂದಿದೆ.
ಕತ್ತರಿ ಹಿಡಿದು ನಿಂತಿದ್ದೇನೆ, ಇನ್ನೂ ಬಿಡಲಾ ಎಂದು ಕೇಳುತ್ತ.
ನೀರೊಳಗಿಂದ ಒದ್ದೆ ಕೈಯೊಂದು ಎದ್ದು
ಸೊಂಟದ ಮಟ್ಟಕ್ಕೆ ಗೆರೆ ಹಾಕಿತು: ಇಷ್ಟೇ.
"ಅದು ಬರುವ ದಾರಿಯಲ್ಲವಾ."

ಕತ್ತರಿಸಿದ ಸೊಪ್ಪು ಒಲೆಗೆ ಹೋಯಿತು, ಹದಿನೆಂಟನೆಯ ದಿನ.
ಅಂಚಿನ ಕಲ್ಲಮೇಲೆ ನನಗೊಂದು ಲೋಟ ನೇರಳೆ ಪಾಯಸ.
ಈಜು ಬಾರದವನು, ಕಾಲಷ್ಟೇ ಇಳಿಬಿಟ್ಟು ಕುಡಿದೆ.
ಒಂದು ಹನಿ ಜಾರಿ ನೀಲಿಗೆ ಬಿತ್ತು,
ಬಿಡಿಸಿಕೊಂಡಿತು, ಇಲ್ಲವಾಯಿತು.
ಪರದೆಯ ಬಾಕಿ ಮುನ್ನೂರೈವತ್ತು ಇನ್ನೂ ಬಂದಿಲ್ಲ.
ಕೇಳಬೇಕು.