ಗಂಟು

ಕಡಲು ಇಲ್ಲಿ ದಿನಕ್ಕೆರಡು ಸಲ ಊರು ಬಿಟ್ಟು ಹೋಗುತ್ತದೆ.
ಸಾನ್ ಫೆಲಿಪೆಯಲ್ಲಿ ಇಳಿತವೆಂದರೆ ಹಾಗೆ:
ದೋಣಿಗಳು ಕೆಸರಲ್ಲಿ ಒಂದು ಮಗ್ಗುಲಾಗಿ ಮಲಗಿ
ಬೆನ್ನ ಹಿಂದಿನ ಮರಳುಗಾಡನ್ನು ನೋಡುತ್ತವೆ.

ಅಂಥ ಹೊತ್ತಲ್ಲಿ, ಲಾರಿಗೆ ಹಗ್ಗ ಕಟ್ಟಿ,
ಬಲೆಯನ್ನು ದಡಕ್ಕೆಳೆದರು.
ಒಡೆಯರಿಲ್ಲದ ಬಲೆ, ಎಂದರು. ಮುನ್ನೂರು ಮಾರು.
ನಡುವೆ ಅವಳು.
ಐದಡಿಯೂ ಇಲ್ಲ. ಕಣ್ಣ ಸುತ್ತ ಯಾರೋ ತೀಡಿದ ಕಾಡಿಗೆ,
ತುಟಿಗೂ ಅದೇ ಕಪ್ಪು.

ವಾಕೀಟಾ. ನಮ್ಮ ಮಾತಲ್ಲಿ ಪುಟ್ಟ ಹಸು.
ಅಜ್ಜ ಹಿಂಡು ಕಂಡಿದ್ದನಂತೆ. ಅಪ್ಪ, ಮೂರು ಬಾರಿ.
ನಾನು, ದೊಮಿತಿಲಾ, ಐವತ್ತೆಂಟು ವರ್ಷ ಈ ನೀರಿನ ಪಕ್ಕ ಬದುಕಿ
ಮೊದಲು ಕಂಡದ್ದು ಇವಳನ್ನೇ, ಹೀಗೆ.

ಬಲೆ ಹಾಕಿದ್ದು ಇವಳಿಗಲ್ಲ, ತೊತೊವಾಬಾ ಮೀನಿಗೆ.
ಅದರ ಹೊಟ್ಟೆಯ ಗಾಳಿಚೀಲಕ್ಕೆ ಕಡಲಾಚೆ ಬಂಗಾರದ ಬೆಲೆ.
ಒಂದು ಚೀಲ ಗಾಳಿಗೆ ಹಾಸಿದ ಬಲೆಯಲ್ಲಿ
ಒಂದು ಬಾಯಿ ಗಾಳಿ ಸಿಗದೆ ಸತ್ತಳು.

ಬ್ರಿಸೇಯ್ದಾ ಟೇಪು ಹಿಡಿದು ಅಳೆದಳು.
ನೀರೊಳಗೆ ಯಂತ್ರದ ಕಿವಿ ಇಳಿಬಿಟ್ಟು ಇವುಗಳ ಮಾತು ಕಾಯುವ ಹುಡುಗಿ.
ಹೋದ ಬೇಸಿಗೆಯೆಲ್ಲ ಬರೀ ಸೀಗಡಿಗಳ ಚಟಪಟ, ಎಂದಿದ್ದಳು.
ಇವತ್ತು ಏನೂ ಹೇಳಲಿಲ್ಲ, ಅಂಕಿ ಬರೆದಳು.

ನಾನು ನೋಡುತ್ತಿದ್ದುದು ಗಂಟನ್ನು.
ಎಡಕ್ಕೆರಡು ಸುತ್ತು, ಹೆಬ್ಬೆರಳಡಿ ಒಂದು,
ಆಮೇಲೆ ಹಲ್ಲಲ್ಲಿ ಕಚ್ಚಿ ಜಗ್ಗಿದ್ದು.
ಈ ಊರಲ್ಲಿ ಹಾಗೆ ಹಾಕುವವರು ಇಬ್ಬರೇ.
ಒಬ್ಬಳು ನನ್ನವ್ವ. ಮಣ್ಣಲ್ಲಿದ್ದಾಳೆ.

ಚಳಿಗಾಲದಲ್ಲಿ ಮೈದುನ ಎವರಾರ್ದೊ ತಂದಿದ್ದ, ಹರಿದದ್ದು.
'ಕೊರ್ವಿನಾ ಮೀನಿಗೆ, ಅತ್ತಿಗೆ.'
ಬಲೆಯ ಕಣ್ಣು ಅಗಲವಿತ್ತು. ನನ್ನ ಕಣ್ಣೂ ಕುರುಡಾಗಿರಲಿಲ್ಲ.
ಬಾಯಲ್ಲಿ ಸೂಜಿಯಿತ್ತು, ಕೇಳಲಿಲ್ಲ.
ಅವನು ಕೊಟ್ಟ ಗಂಟಿನಲ್ಲೇ
ಮೊಮ್ಮಗಳ ಕಿವಿಗೆ ಯಂತ್ರ ಬಂತು.

'ಗುರುತು ಸಿಗುತ್ತಾ, ಸೆನ್ಯೋರಾ?' ನೌಕಾಪಡೆಯ ಹುಡುಗ ಕೇಳಿದ.
ಗಂಟೆಲ್ಲ ಒಂದೇ ಕಣಪ್ಪ, ಎಂದೆ.
ಯಾರೋ ಅವಳ ಮೇಲೆ ಒದ್ದೆ ಗೋಣಿ ಹೊದಿಸಿದರು,
ಇನ್ನೂ ಬಿಸಿಲು ತಾಗೀತು ಎಂಬಂತೆ.

ರಾತ್ರಿ ಎವರಾರ್ದೊ ಊಟಕ್ಕೆ ಬಂದ.
ತಟ್ಟೆ ಇಟ್ಟೆ. ಏಪ್ರನ್ನಿನ ಜೇಬಿಂದ
ಕತ್ತರಿಸಿ ತಂದ ಗಂಟನ್ನೂ ತೆಗೆದಿಟ್ಟೆ,
ಉಪ್ಪು ಇಡುವ ಜಾಗದಲ್ಲಿ.

ನೋಡಿದ. ಉಣ್ಣಲಿಲ್ಲ. ಏಳಲೂ ಇಲ್ಲ.
ಒಳಗೆ ಮೊಮ್ಮಗಳು ಯಂತ್ರ ಕಳಚಿಟ್ಟು ಮಲಗಿದ್ದಳು.
ಹೊರಗೆ ಕಡಲು ವಾಪಸು ಬರುವ ಸದ್ದು,
ನಮ್ಮಿಬ್ಬರಿಗೂ ಕೇಳುವಷ್ಟು.