ಎಡಕ್ಕ ದಾಟಸು

ಲಗ್ನದ ಹಂಗಾಮಿನ್ಯಾಗ ಬೆಟಗೇರಿ ಪ್ರೆಸ್ಸಿಗೆ
ರಾತ್ರಿ ಅನ್ನೂದು ಇರೂದಿಲ್ಲ.
ಕರೆಂಟ್ ಹೋದ ತಾಸಽ ನಮಗ ರಾತ್ರಿ.
ಮಷೀನು ಉಸರು ಬಿಟ್ಟು ನಿಂತ ಕೂಡ್ಲೆ
ಚಂಬಣ್ಣ ಕಟಿಂಗ್ ಟೇಬಲ್ ಒರಸಿ,
ಚಾರ್ಜಿಂಗ್ ಲೈಟ್ ಹಚ್ಚಿ, ಎಲಿ ತಗೀತಿದ್ದ.

ಇಸ್ಪೇಟ್ ಅಲ್ಲ.
ಅವನಽ ಕತ್ತರಿಸಿದ್ದು, ಅವನಽ ಬರದದ್ದು,
ಇಪ್ಪತ್ತೆಂಟು ಎಲಿ, ಎಲ್ಲಾ ಕಳ್ಳತನದ್ದು:
ತಿಜೋರಿ, ತಿಜೋರಿ ಕೀಲಿಕೈ, ನಂಬರ್ ಇಲ್ಲದ ಕಾರು,
ಠಾಣೆದ ಅರ್ಧ ತೆರದ ಬಾಗಿಲಾ,
ನಿದ್ದಿಗಣ್ಣಿನ ವಾಚಮನ್,
ತಿಂದೂ ತಿನ್ನದಂಗ ಕುಂತ ಫೌಜದಾರ.
ಕೀಲಿ ಇಲ್ಲದ ತಿಜೋರಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ,
ಜೋಡಿ ಕೂಡಿದರ ನಲವತ್ತು ಲಕ್ಷ.

ಕೈಯಾಗ ಏಳು. ಒಂದು ಇಟ್ಕೋ, ಉಳಿದದ್ದು ಎಡಕ್ಕ ದಾಟಸು.
ಚಂಬಣ್ಣನ ಎಡಕ್ಕ ನಾನು, ಮಡಚಾಕಿ ಗಂಗಿಮಾಳವ್ವ.
ನನ್ನ ಎಡಕ್ಕ ಮಷೀನ್ ಮಕ್ತುಮಸಾಬ,
ಅವನ ಎಡಕ್ಕ ಡಿಟಿಪಿ ರಿಜ್ವಾನಾ,
ಆಕಿ ಎಡಕ್ಕ ತಿರಗಿ ಚಂಬಣ್ಣ.

ಇಟ್ಕೊಂಡದ್ದಕ್ಕಿಂತ ಬಿಟ್ಟುಕೊಟ್ಟದ್ದು ನೆನಪಿಡಬೇಕು,
ಇದನ್ನ ರಿಜ್ವಾನಾ ಎರಡ ದಿನದಾಗ ಕಲ್ತಳು.
ನೀ ಬ್ಯಾಡಂತ ಒಗದ ಕೀಲಿ
ಬಾಜೂದವರ ಮನಿ ತುಂಬತೈತಿ.

ಒಂದಽ ಒಂದು ಎಲಿ ಯಾರಿಗೂ ಬ್ಯಾಡಾಗಿತ್ತು. ಸಾಕ್ಷಿ.
ಎರಡು ಕಣ್ಣು ತಗದಿದ್ದ, ಬಾಯಿ ತಗದಿರಲಿಲ್ಲ.
ಅದು ಯಾರ ಕೈಯಾಗ ಉಳೀತೋ ಅವರ ರೊಕ್ಕ ಅರ್ಧ.
ಎಣ್ಣಿಯಿಂದ ಎತ್ತಿದ ಮಿರ್ಚಿಗತೆ
ಅಂಗೈಯಿಂದ ಅಂಗೈಗೆ ಜಿಗೀತಿತ್ತು.
ಚಂಬಣ್ಣನ ಹಿಡಿಯಾಗ ಬಂದರ
ಏಳನೇದಾಗಿ ಮಕ್ತುಮಸಾಬನ ಹತ್ತರ ಹೋಗಿ ನಿಲ್ಲತಿತ್ತು.
ಲೆಕ್ಕ ಹಂಗೈತಿ. ಬೇಕಾದರ ಬೆರಳು ಮಡಚಿ ನೋಡ್ರಿ.

ನನ್ನ ಬೆರಳಿಗೆ ಮೊದಲನೇ ರಾತ್ರಿನಽ ಗೊತ್ತಾಗಿತ್ತು.
ಹದಿನಾರು ವರ್ಷ ಲಗ್ನಪತ್ರಿಕಿ ಮಡಚಿದ ಬೆರಳು,
ರದ್ದಿ ಯಾವುದು, ಪಾಕೀಟು ಒಡದ ಹೊಸಾ ಶೀಟು ಯಾವುದು
ಕಣ್ಣಿಗಿಂತ ಮೊದಲ ಹೇಳತಾವ.
ಇದು ರದ್ದಿ ಅಲ್ಲ. ಮುನ್ನೂರು ಜಿಎಸ್‌ಎಂ ಐವರಿ.
ಎರಡು ಶೀಟು ಆಟಕ್ಕ.
ಉಳಿದ ತೊಂಬತ್ತೆಂಟು?
ನಾ ಕೇಳಲಿಲ್ಲ.
ವಾಚಮನ್‌ನ ಇಟ್ಕೊಂಡು ಉಳಿದದ್ದು ದಾಟಿಸಿದೆ.

ಅಮಾಸಿ ಮರುದಿನ ಅಂದಾನೆಪ್ಪ ಮಾಲಕ ಸ್ಟಾಕ್ ಎಣಸಿದ.
"ಒಂದು ಪಾಕೀಟು ಕಡಿಮಿ. ಯಾರು?"
ಚಂಬಣ್ಣ ಬ್ಲೇಡಿಗೆ ಎಣ್ಣಿ ಬಿಡಕೋತ,
"ನಾ ಕತ್ತರಸಾಂವ, ಎಣಸಾಂವ ಅಲ್ಲ" ಅಂದ.
"ಮಡಚಾಕಿಗೆ ಏನ್ ಗೊತ್ತರೀ" ಅಂದೆ ನಾನು.
ಮಕ್ತುಮಸಾಬ ತಲಿ ಅಲ್ಲಾಡಿಸಿದ.
"ನನ್ನ ಕಂಪ್ಯೂಟರದಾಗ ಹಾಳಿ ಇರೂದಿಲ್ಲರಿ" ಅಂದಳು ರಿಜ್ವಾನಾ.
ಮತ್ತ ಚಂಬಣ್ಣ.
ಮತ್ತ ನಾನು. ಈ ಸಲ ಬರೇ ಕೆಮ್ಮಿದೆ.
ಏಳನೇದ್ದು.
ಮಕ್ತುಮಸಾಬ ಅರಿಬಿಗೆ ಕೈ ಒರಸಿಕೊಂಡ, ಶಾಯಿ ಹೋಗಲಿಲ್ಲ.
"ನನ್ನ ಪಗಾರದಾಗ ಹಿಡೀರಿ. ಕೆಲಸ ನಿಂತೈತಿ."
ಹದಿನೆಂಟನೂರಾ ಐವತ್ತು.

ಆಮ್ಯಾಲೆ ಯಾರೂ ಏನೂ ಅನ್ನಲಿಲ್ಲ.
ನರೇಗಲ್ಲಿನ ವರನ ಹೆಸರು ತಪ್ಪಾಗಿ
ಐನೂರು ಪತ್ರಿಕಿ ತಿರಗಿ ಹೊಡಿಯೂದಿತ್ತು.

ಮತ್ತೊಂದು ರಾತ್ರಿ ಕರೆಂಟ್ ಹೋತು.
ಮಕ್ತುಮಸಾಬನೂ ಬಂದ, ತನ್ನ ಜಾಗಾದಾಗನಽ ಕುಂತ.
ಕೀಲಿ ಒಂದು ಮೊದಲಽ ಇಟ್ಕೊಂಡಿದ್ದೆ.
ಚಂಬಣ್ಣ ದಾಟಿಸಿದ ಆರು ಎಲಿ ಬಿಚ್ಚಿದೆ:
ಆ ಕೀಲಿದಽ ತಿಜೋರಿ.
ಅದರ ಬಾಜೂಕ ಎರಡು ಕಣ್ಣು.

ಕಣ್ಣು ಇಟ್ಕೊಂಡೆ.
ನಲವತ್ತು ಲಕ್ಷ ಎಡಕ್ಕ ದಾಟಿಸಿದೆ.

ಆ ಹಿಡಿ ತಿರಗಿ ಬಂದಾಗ ಚಂಬಣ್ಣನ ಕೈಯಾಗ ಮೂರಽ ಎಲಿ.
ಹಿಂದ ಮುಂದ ಹೊಳ್ಳಿಸಿ ಹೊಳ್ಳಿಸಿ ನೋಡಿದ,
ಕಿಸೆಕ್ಕ ತೂತು ಬಿದ್ದಾಂವನಂಗ.
ಕಡೇದು ಮಕ್ತುಮಸಾಬಗ ಹೋತು.
ಬರೂದು ಗೊತ್ತಿದ್ದಾಂವ, ಹೆಬ್ಬಟ್ಟಿನ್ಯಾಗ ತುದಿ ಅಷ್ಟ ಎತ್ತಿದ.
ಅರ್ಧ ತೆರದ ಬಾಗಿಲಾ.
ನನ್ನ ಮಾರಿ ನೋಡಿದ.

ಅಷ್ಟೊತ್ತಿಗೆ ಕರೆಂಟ್ ಬಂತು, ಮಷೀನು ಗುಡುಗಿತು,
ರೊಕ್ಕ ಎಣಸೂದು ಹಂಗಽ ಉಳೀತು.
ಚಂಬಣ್ಣ ಎಲಿ ಬಾಚಿಕೊಂಡು ಎಣಿಸಿದ,
ಇಪ್ಪತ್ತೇಳಕ್ಕ ನಿಂತ,
ನನ್ನ ಕಡೆ ನೋಡಲಿಲ್ಲ.

ಸೆರಗಿನ ಗಂಟಿನ್ಯಾಗ ಇನ್ನೂ ಐತಿ ಅದು,
ಮೂಲಿ ಚುಚ್ಚತೈತಿ.
ಮಕ್ತುಮಸಾಬ ತನ್ನ ಚಾದಾಗಿಂದು ಅರ್ಧ
ನನ್ನ ಬಸಿಗೆ ಸುರುವಿದ,
ಏನೂ ಅನ್ನದ ಎಡಕ್ಕ ಹೊಳ್ಳಿದ.