ಅರ್ಧವಿರಾಮ

ಹಳೆಯ ಕಂಪ್ಯೂಟರಿನ ಹೊಟ್ಟೆಯನ್ನು ಉಪ್ಪುಗಾಳಿ ತಿಂದುಹಾಕಿತು.
ಬಿಚ್ಚಿದರೆ ಒಳಗೆ ಹಸಿರು ಕಿಲುಬು,
ಒಣಗಿದ ಒಂದು ಜಿರಲೆ,
ಹನ್ನೊಂದು ವರ್ಷದ ಲೆಕ್ಕ.

ಧಣಿಯ ಅಳಿಯ ಲಿಸ್ಬನ್ನಿನಿಂದ ಹೊತ್ತು ತಂದ ಹೊಸದು
ನಿಜಕ್ಕೆ ಹೊಸದಲ್ಲ, ಅವನು ಬಳಸಿ ಬಿಟ್ಟದ್ದು.
ಇದಕ್ಕೆ ಕಿಟಕಿಗಳಿಲ್ಲ.
ಕಪ್ಪು ಪರದೆ, ಮಿಣುಕುವ ಒಂದು ಬಿಳಿ ಗೆರೆ,
ಮಾತೆಲ್ಲ ಪೋರ್ತುಗೀಸು.

ನಾಲ್ಕಕ್ಕೆ ಕುಟ್ಬಣ ಜೆಟ್ಟಿಗೆ ಟ್ರಾಲರುಗಳು ಬರುತ್ತವೆ.
ಅಷ್ಟರೊಳಗೆ ಡೇಟಾಬೇಸು ಕೂರಬೇಕು:
ಯಾವ ದೋಣಿ, ಯಾವ ಮೀನು, ಎಷ್ಟು ಕ್ರೇಟು, ಎಷ್ಟು ಐಸು.
ನಾನು ರೇಣವ್ವ ಬಡಿಗೇರ, ಐಸ್ ಫ್ಯಾಕ್ಟರಿಯ ಲೆಕ್ಕದವಳು.
ಹುಟ್ಟಿದ್ದು ಝುವಾರಿನಗರದ ತಗಡಿನ ಕೆಳಗೆ.
ಮನೆಗೆ ಕನ್ನಡ, ಬಜಾರಿಗೆ ಕೊಂಕಣಿ,
ಕಂಪ್ಯೂಟರಿಗೆಂದು ಬೇರೆ ಎತ್ತಿಟ್ಟ ಇಂಗ್ಲಿಷು.
ನಾಲ್ಕನೆಯದಕ್ಕೆ ಬಾಯಲ್ಲಿ ಜಾಗವಿರಲಿಲ್ಲ.

ರಾತ್ರಿ ಕಾವಲಿನ ಎಲ್ಯೊದೋರ್ ಬಾಬನನ್ನು ಎಬ್ಬಿಸಿದೆ.
ಎಂಬತ್ತು ದಾಟಿದ ಮುದುಕ,
ಪೋರ್ತುಗೀಸರ ಕಾಲದ ಶಾಲೆಯಲ್ಲಿ
ಅಂಗೈಗೆ ಬೆತ್ತ ತಿಂದು ಕಲಿತ ವ್ಯಾಕರಣ
ಅರವತ್ತು ವರ್ಷ ಯಾರಿಗೂ ಬೇಕಾಗಿರಲಿಲ್ಲ.
ಕನ್ನಡಕವನ್ನು ಲುಂಗಿಗೆ ಒರೆಸಿ
ಪರದೆಯನ್ನು ಮದುವೆಯ ಕರೆಯೋಲೆಯಂತೆ ಗಟ್ಟಿಯಾಗಿ ಓದಿದ:

"ಪೆರ್ಮಿಸಾಂವ್ ನೆಗಾದಾ."
ಅಂದರೆ?
"ಅಪ್ಪಣೆ ಇಲ್ಲ. ಈ ಮಾತು ಹಿಂದೆಯೂ ಕೇಳಿದ್ದೆ.
ಆಗ ಹೇಳಿದವನಿಗೆ ಟೋಪಿ ಇತ್ತು, ಬಂದೂಕು ಇತ್ತು."

ಅಪ್ಪಣೆ ಇರುವವನ ಹೆಸರು ಇದರೊಳಗೆ ರೂಟ್.
ಬೇರಾಗಿ ಒಳಹೊಕ್ಕೆ.
ಗುಪ್ತಪದ ಒತ್ತಿದರೆ ಒಂದು ಚುಕ್ಕಿಯೂ ಮೂಡಲಿಲ್ಲ,
ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.
ಇದು ಬೇಕೆಂದಿತು, ಇದಕ್ಕೆ ಅದು, ಅದಕ್ಕೆ ಇನ್ನೊಂದು.
ಸೊಸೈಟಿಯಲ್ಲಿ ಸಾಲ ಕೇಳಿದ ಹಾಗೆ
ಜಾಮೀನಿಗೊಂದು ಜಾಮೀನು.
ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಮಾತ್ರ ಸಿಗ್ನಲ್ಲು.
ಅವನು ಕೊಂಕಣಿಗೆ ಇಳಿಸಿದ, ನಾನು ಕನ್ನಡಕ್ಕೆ ಎಳೆದುಕೊಂಡೆ.

ಎರಡೂವರೆಗೆ ಡೇಟಾಬೇಸು ಬಾಯಿಬಿಟ್ಟಿತು.
ಕೋಷ್ಟಕ ಕಟ್ಟು ಅಂದೆ. ಒಂದು ಪುಟ್ಟ ಬಾಣ.
ಮತ್ತೆ ಅಂದೆ. ಮತ್ತೊಂದು ಬಾಣ.
ತಪ್ಪು ಅನ್ನಲಿಲ್ಲ, ಸರಿಯೂ ಅನ್ನಲಿಲ್ಲ,
ನನ್ನ ಮಾತು ಮುಗಿಯಲೆಂದು ಕಾಯುತ್ತಿತ್ತು.
ನಾನು ಅರ್ಧವಿರಾಮ ಹಾಕಿರಲಿಲ್ಲ.
ಹಾಕಲು ಆ ಕೀ ಇದ್ದಲ್ಲಿ ಇರಲಿಲ್ಲ,
ಅಲ್ಲಿ ಬಾಲ ಇಳಿಬಿಟ್ಟ ಒಂದು ಸೀ ಕೂತಿತ್ತು.
ಕೊನೆಗೆ ಸಿಕ್ಕಿದ್ದು ಅಲ್ಪವಿರಾಮದ ತಲೆಯ ಮೇಲೆ.
ಎರಡು ಸಲ ಅಂದದ್ದಕ್ಕೆ ಬೈದು
ಮೂರನೆಯದಕ್ಕೆ ಒಪ್ಪಿತು.

ಮೊದಲ ಸಾಲು ನನ್ನದಿರಲಿ ಎಂದು ಬರೆದೆ: ಬಂಗುಡೆ.
ಪಕ್ಕದಲ್ಲಿ ಬಾಬನ ಪ್ರೀತಿಯ ದೋಣಿ, ಸಾಂವ್ ಜುವಾಂವ್,
ಅವನೇ ಒಂದೊಂದಾಗಿ ಕುಟ್ಟಿದ್ದು.
ತೋರಿಸು ಅಂದೆ.
ಸಂತ ಬಂದ, ತಲೆಯ ಮೇಲಿನ ಅಲೆಯ ಸಮೇತ.
ನನ್ನ ಬಂಗುಡೆಯ ಜಾಗದಲ್ಲಿ

??????

ಆರು ಗಾಳದ ಕೊಕ್ಕೆಗಳು.
ಮೀನಿಲ್ಲ.

ಮುದುಕ ನಗಲಿಲ್ಲ.
"ನಮ್ಮ ಹಾಜರಿ ಪುಸ್ತಕದಲ್ಲೂ ಹೀಗೇ,
ಅಮ್ಮ ಕರೆಯುವ ಹೆಸರು ಒಳಗೆ ಹೋಗುತ್ತಿರಲಿಲ್ಲ."

ಆಚೆ ಇಂಜಿನ್ನಿನ ಗುಡುಗುಡು, ಸಾಳ ನದಿಯ ಬಾಯಲ್ಲಿ ದೀಪ.
ಕಟ್ಟಿದ್ದನ್ನೆಲ್ಲ ಕೆಡವಿದೆ.
ಲೋಕದ ಲಿಪಿಯೆಲ್ಲ ಹಿಡಿಸುವಷ್ಟು ಅಗಲ
ಬುನಾದಿಯಿಂದ ಮತ್ತೆ ಎಬ್ಬಿಸಿದೆ.
ಒಂದೇ ಸಾಲಿನ ಕೆಲಸ,
ಆ ಸಾಲು ಸಿಗಲು ಮುಕ್ಕಾಲು ಗಂಟೆ.
ಬಂಗುಡೆ ಬಂತು. ಕೊಂಬು, ಸೊನ್ನೆ, ಎಲ್ಲ ಇತ್ತು.

ಬಾಗಿಲಲ್ಲಿ ಮೊದಲ ಟ್ರಾಲರಿನ ಹುಡುಗ,
ಜಾರ್ಖಂಡದವನು, ಮೊಣಕೈವರೆಗೂ ಮೀನಿನ ಹುರುಪೆ ಮಿಂಚುತ್ತಿದೆ.
ಎಷ್ಟು ಕ್ರೇಟು? ಹದಿನಾಲ್ಕು.
ಯಾವ ಮೀನು?
ತನ್ನೂರ ಮಾತಿನಲ್ಲಿ ಏನೋ ಅಂದ.
ಕೀಲಿಗಳ ಮೇಲೆ ಬೆರಳಿಟ್ಟು ಅಂದೆ,
ನಿಧಾನಕ್ಕೆ, ಇನ್ನೊಮ್ಮೆ ಹೇಳು;